ಕಂಬದ ಕಾಲಿಗೆ ಸಿಂಬಿ: ‘ಬಲ ಮತ್ತು ಒತ್ತಡ’ ಪಾಠದಲ್ಲಿ ಸಾರವೆ

ತರಗತಿ: 8. ವಿಷಯ: ವಿಜ್ಞಾನ. ಪಾಠ: ಬಲ ಮತ್ತು ಒತ್ತಡ. ಅವಧಿ: 40 ನಿಮಿಷಗಳ ಮೂರು ತರಗತಿಗಳು. ಸ್ಥಳ: ದಾಂಡೇಲಿಯ ಒಂದು ಪ್ರೌಢಶಾಲೆ.

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಈ ಪಾಠ ನನ್ನ ಪಾಲಿಗೆ ಬಂತು. ಶಾಲೆಯ ಎದುರು, ರಸ್ತೆಯ ಆಚೆ, ಎರಡಂತಸ್ತಿನ ಮನೆಯೊಂದರ ಹೊರಗೋಡೆಗೆ ಪ್ಲಾಸ್ಟರ್ ನಡೆಯುತ್ತಿತ್ತು. ಗೋಡೆಯ ತುಂಬ ಬಿದಿರಿನ ಸಾರವೆ. ಪಾಠಕ್ಕೆ ಪೀಠಿಕೆ ಹುಡುಕುತ್ತಿದ್ದ ನನಗೆ ಅದು ಕಿಟಕಿಯಲ್ಲೇ ಸಿಕ್ಕಿತು. ಸಾರವೆ ಎಂಬುದು ಪುಸ್ತಕದ ಮಾತು. ಇಲ್ಲಿಯ ಗೌಂಡಿಗಳು ‘ಬಾಂಬು ಕಟ್ಟೂದು’ ಎನ್ನುತ್ತಾರೆ. ಕಾರ್ಖಾನೆಯ ಕೆಲಸ ಕಂಡ ಮನೆಗಳ ಮಕ್ಕಳು ‘ಸ್ಕ್ಯಾಫೋಲ್ಡಿಂಗ್’ ಎನ್ನುತ್ತಾರೆ. ನಾವು ಬಿ.ಎಡ್. ವಿದ್ಯಾರ್ಥಿಗಳು ಈ ಕೊನೆಯ ಪದವನ್ನು ಮನೋವಿಜ್ಞಾನದ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿಲ್ಲ! 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಕಟ್ಟಡದ ಕೆಲಸದಿಂದ ಎರವಲು ತಂದ ಪದ ಅದು. ನಿಜವಾದ ಸ್ಕ್ಯಾಫೋಲ್ಡಿಂಗ್ ಯಾವುದರ ಮೇಲೆ ನಿಲ್ಲುತ್ತದೆ ಎಂದು ನಾನಂತೂ ಅಲ್ಲಿಯವರೆಗೆ ಬಗ್ಗಿ ನೋಡಿರಲಿಲ್ಲ.

ಮೊದಲ ತರಗತಿಗೆ ಒಂದು ಚಾರ್ಟ್ ಮಾಡಿಕೊಂಡು ಹೋಗಿದ್ದೆ. ಎಡಕ್ಕೆ ಬಿದಿರಿನ ಸಾರವೆ, ಬಲಕ್ಕೆ ಸ್ಟೀಲ್ ಪೈಪಿನದು. ಮೇಲೆ ದಪ್ಪ ಅಕ್ಷರದಲ್ಲಿ ‘ಅಸುರಕ್ಷಿತ’, ‘ಸುರಕ್ಷಿತ’. ಚಾರ್ಟ್ ತೂಗು ಹಾಕಿ ಐದು ನಿಮಿಷವಾಗಿರಬೇಕು, ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಅಕ್ಕೋರ, ನಮ್ಮಪ್ಪ ದಿನಾ ಬಾಂಬಿನ ಮ್ಯಾಲೇ ನಿಂತು ಕೆಲಸ ಮಾಡ್ತಾರ್ರಿ. ಹಂಗಾದ್ರ ಅವರು ಬೀಳ್ತಾರೇನ್ರಿ?”

“ಎಚ್ಚರದಿಂದ ಇದ್ದರ ಏನೂ ಆಗೂದಿಲ್ಲ, ಕೂಡು” ಎಂದೆ. ತರಗತಿ ಮುಂದುವರಿಯಿತು. ಹುಡುಗಿ ಆಮೇಲೆ ಕೈ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಬೋಧನಾಶಾಸ್ತ್ರದ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಆ ಮಗುವಿನ ಪ್ರಶ್ನೆಗೆ ಉತ್ತರ ನಿಮ್ಮ ಪಾಠದೊಳಗೇ ಇತ್ತು.”

ಅಂದು ಸಂಜೆ ರಸ್ತೆ ದಾಟಿ ಅಲ್ಲಿಯ ಹಿರಿಯ ಗೌಂಡಿಯನ್ನು ಮಾತನಾಡಿಸಿದೆ. ಬಿದಿರು ಗಟ್ಟಿಯೋ ಸ್ಟೀಲ್ ಗಟ್ಟಿಯೋ ಎಂದು ಕೇಳಿದರೆ ಅವರು ಕಂಬದ ಬುಡ ತೋರಿಸಿದರು. “ಬಾಂಬು ನಡುವ ಮುರದು ಬಿದ್ದದ್ದು ನಾ ಕಂಡದ್ದು ಕಡಿಮಿರಿ ಅಕ್ಕೋರ. ಬುಡ ಕುಸದದ್ದು, ಹಗ್ಗ ಸಡ್ಲ ಆದದ್ದು, ಹಲಗಿ ಮಗಚಿದ್ದು, ಇವ ಬಾಳ.” ಮನೆಗೆ ಬಂದು ಪಾಠ ಯೋಜನೆಯ ಉಳಿದ ಎರಡು ತರಗತಿಗಳನ್ನು ಹೊಸದಾಗಿ ಬರೆದೆ. ಯಾವ ಸಾಮಗ್ರಿ ಎಂಬ ಪ್ರಶ್ನೆಯನ್ನು ಕೊನೆಗೆ ತಳ್ಳಿದೆ.

ಎರಡನೇ ತರಗತಿ: ಬುಡ

ಮಕ್ಕಳು ಮೊದಲು ಗ್ರಾಫ್ ಹಾಳೆಯ ಮೇಲೆ ನಿಂತು ಪಾದದ ಗೆರೆ ಎಳೆದು ಚೌಕಗಳನ್ನು ಎಣಿಸಿದರು. ಎರಡೂ ಪಾದ ಸೇರಿ ಹೆಚ್ಚುಕಡಿಮೆ 300 ಚದರ ಸೆಂ.ಮೀ. ಬಂತು. 40 ಕಿಲೊ ತೂಕದ ಹುಡುಗನ ಭಾರ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, 400 ನ್ಯೂಟನ್. ನೆಲದ ಮೇಲಿನ ಒತ್ತಡ ಸುಮಾರು 13,300 ಪ್ಯಾಸ್ಕಲ್. ಮಳೆಗಾಲದಲ್ಲಿ ಆಟದ ಬಯಲಿನ ಕೆಂಪು ಮಣ್ಣಿನಲ್ಲಿ ಇಷ್ಟಕ್ಕೇ ಪಾದ ಹೂಳುತ್ತದೆ ಎಂಬುದು ಅವರಿಗೆಲ್ಲ ಗೊತ್ತು.

ನಂತರ ಸಾರವೆಯ ಭಾರ. ಇದನ್ನು ಮಕ್ಕಳೇ ಅಂದಾಜಿಸಿದರು: ತಲಾ 60 ಕಿಲೊದ ಇಬ್ಬರು ಕೆಲಸಗಾರರು, ತಲಾ 20 ಕಿಲೊದ ನಾಲ್ಕು ಬಾಂಡ್ಲಿ ಗಾರೆ, ಹಲಗೆ ಮತ್ತು ಅಡ್ಡಗೋಲುಗಳೆಲ್ಲ ಸೇರಿ 100 ಕಿಲೊ. ಒಟ್ಟು 300 ಕಿಲೊ, ಅಂದರೆ 3,000 ನ್ಯೂಟನ್. ನಾಲ್ಕು ಕಂಬಗಳಿಗೆ ಸಮನಾಗಿ ಹಂಚಬೇಕೆಂದು ಕೆಲವರು ಹಟ ಹಿಡಿದರು. “ಇಬ್ಬರೂ ಒಂದ ಮೂಲ್ಯಾಗ ನಿಂತರ?” ಎಂದು ಇನ್ನೊಬ್ಬ ಕೇಳಿದ. ಅತಿ ಕೆಟ್ಟ ಸ್ಥಿತಿಯನ್ನೇ ಹಿಡಿಯೋಣ, ಎಲ್ಲ ಭಾರವೂ ಒಂದೇ ಕಂಬಕ್ಕೆ ಎಂದು ಒಪ್ಪಿಕೊಂಡೆವು. ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮಗಳಲ್ಲಿ ಸಾರವೆಯ ಪ್ರತಿ ಭಾಗವೂ ತನ್ನ ತೂಕದ ಜೊತೆಗೆ ಅದರ ಮೇಲೆ ಬರಬಹುದಾದ ಗರಿಷ್ಠ ಭಾರದ ನಾಲ್ಕು ಪಟ್ಟನ್ನು ಹೊರುವಂತಿರಬೇಕು ಎಂದಿದೆ. ಆ ಹುಡುಗನ ಪ್ರಶ್ನೆಯಂಥವೇ ಅಂಥ ನಿಯಮಕ್ಕೆ ಕಾರಣ.

8 ಸೆಂ.ಮೀ. ವ್ಯಾಸದ ಬಿದಿರಿನ ಬುಡದ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಒತ್ತಡ 6 ಲಕ್ಷ ಪ್ಯಾಸ್ಕಲ್. ಸಾರವೆಗೆ ಬಳಸುವ ಸ್ಟೀಲ್ ಪೈಪಿನ ಹೊರವ್ಯಾಸ 48.3 ಮಿ.ಮೀ. ಅದರ ಗೋಡೆ 4 ಮಿ.ಮೀ. ದಪ್ಪವಿದ್ದರೆ ನೆಲಕ್ಕೆ ತಾಗುವ ಉಂಗುರದ ವಿಸ್ತೀರ್ಣ ಬರೀ 5.6 ಚದರ ಸೆಂ.ಮೀ. ಒತ್ತಡ ಸುಮಾರು 54 ಲಕ್ಷ ಪ್ಯಾಸ್ಕಲ್! ಕಪ್ಪುಹಲಗೆಯ ಮೇಲೆ ಈ ಅಂಕಿ ಬಂದಾಗ ತರಗತಿ ನನ್ನ ಹಳೆಯ ಚಾರ್ಟಿನ ಕಡೆ ತಿರುಗಿತು. ‘ಸುರಕ್ಷಿತ’ ಎಂದು ಬರೆದಿದ್ದ ಪೈಪು ಬುಡಕ್ಕೆ ಏನೂ ಇಲ್ಲದೆ ನಿಂತರೆ ಬಿದಿರಿಗಿಂತ ಒಂಬತ್ತು ಪಟ್ಟು ಹೆಚ್ಚು ಒತ್ತಡದಿಂದ ಮಣ್ಣಿಗೆ ಇಳಿಯಲು ನೋಡುತ್ತದೆ.

ಇದಕ್ಕೇ ಪೈಪಿನ ಕೆಳಗೆ ಚೌಕಾಕಾರದ ಬೇಸ್ ಪ್ಲೇಟ್, ಅದರ ಕೆಳಗೆ ದಪ್ಪ ಹಲಗೆ. 25 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಹಲಗೆಯಾದರೆ ವಿಸ್ತೀರ್ಣ 1,500 ಚದರ ಸೆಂ.ಮೀ., ಒತ್ತಡ 20,000 ಪ್ಯಾಸ್ಕಲ್. ನಿಂತ ಹುಡುಗನ ಪಾದದ ಒತ್ತಡದ ಒಂದೂವರೆ ಪಟ್ಟು, ಅಷ್ಟೇ. ಹಲಗೆ ಬಾಗದಷ್ಟು ದಪ್ಪವಿರಬೇಕು. ತೆಳು ಪ್ಲೈವುಡ್ ಇಟ್ಟರೆ ಕಂಬದ ಕೆಳಗಷ್ಟೇ ತಗ್ಗಿ, ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಪಠ್ಯಪುಸ್ತಕದಲ್ಲಿ ಹಮಾಲರು ತಲೆಯ ಮೇಲೆ ಬಟ್ಟೆ ಸುತ್ತಿ ಇಟ್ಟುಕೊಳ್ಳುವ ಉದಾಹರಣೆ ಇದೆ. ಅದನ್ನು ನಾನು ನೆನಪಿಸುವ ಮೊದಲೇ ಒಬ್ಬ ಹುಡುಗಿ “ಇದು ಕಂಬದ ಕಾಲಿಗೆ ಸಿಂಬಿ ಅಲ್ಲೇನ್ರಿ?” ಎಂದಳು. ಈ ಲೇಖನದ ತಲೆಬರಹ ಅವಳದು.

ಗೌಂಡಿ ಹೇಳಿದ್ದ ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸಿದೆ. ಪಾಯ ತೋಡುವಾಗ ಗೋಡೆಗಿಂತ ಅಗಲಕ್ಕೆ ತೋಡುತ್ತಾರೆ. ಗೋಡೆ ಎದ್ದ ಮೇಲೆ ಪಕ್ಕದ ಜಾಗಕ್ಕೆ ಅದೇ ಮಣ್ಣು ತುಂಬುತ್ತಾರೆ. ಸಾರವೆಯ ಒಳಸಾಲಿನ ಕಂಬಗಳು ನಿಲ್ಲುವುದು ಸರಿಯಾಗಿ ಆ ಸಡಿಲ ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಗಟ್ಟಿ ಕಾಣುವ ಈ ನೆಲ ಜೂನಿನ ಎರಡು ಜೋರು ಮಳೆಗೆ ಕುಳಿತುಬಿಡುತ್ತದೆ. ಒಂದು ಕಂಬ ನಾಲ್ಕು ಬೆರಳು ಇಳಿದರೆ ಅದರ ಪಾಲಿನ ಭಾರ ಪಕ್ಕದ ಕಂಬಗಳಿಗೆ ಹೋಗುತ್ತದೆ, ಹಲಗೆ ಓರೆಯಾಗುತ್ತದೆ. ಕಲ್ಲಿನ ಚೂರು, ಒಡೆದ ಇಟ್ಟಿಗೆ ಕೊಟ್ಟು ಕಂಬವನ್ನು ಎತ್ತರಿಸುವುದು ಎಲ್ಲ ಕಡೆ ಕಾಣುತ್ತದೆ. ಚೂರು ಜಾರುತ್ತದೆ ಅಥವಾ ಸೀಳುತ್ತದೆ, ಅದು ಸಿಂಬಿಯಲ್ಲ.

ಮೂರನೇ ತರಗತಿ: ಕಟ್ಟು

ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕೃತಿ ಮಾಡುವ, ಅರವಿಂದ ಗುಪ್ತಾ ಅವರಿಂದ ಶಾಲೆಗಳಿಗೆ ಪರಿಚಿತವಾದ ಚಟುವಟಿಕೆಯನ್ನು ಬಳಸಿದೆ. ಚೌಕ ಒಂದು ಬೆರಳಿನ ತಳ್ಳಿಗೆ ಓರೆಯಾಯಿತು. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕೊಟ್ಟಾಗ ಎರಡು ತ್ರಿಕೋನಗಳಾಗಿ ಅಲುಗಾಡದೆ ನಿಂತಿತು. ಕಿಟಕಿಯಿಂದ ಎದುರಿನ ಸಾರವೆ ನೋಡಿ ಓರೆಗೋಲು ಎಲ್ಲೆಲ್ಲಿದೆ ಎಂದು ಹುಡುಕಲು ಹೇಳಿದೆ. ರಸ್ತೆಯ ಕಡೆಯ ಮುಖಕ್ಕೆ ಎರಡು ಸಿಕ್ಕವು, ಪಕ್ಕದ ಮುಖಕ್ಕೆ ಒಂದೂ ಇಲ್ಲ. (ಕಾಂಪೌಂಡಿನ ಹೊರಗೆ ಮಕ್ಕಳನ್ನು ಕರೆದೊಯ್ಯಲಿಲ್ಲ. ಕೆಲಸ ನಡೆಯುವ ಸಾರವೆಯ ಕೆಳಗೆ ಮಕ್ಕಳನ್ನು ನಿಲ್ಲಿಸಿ ಸುರಕ್ಷತೆಯ ಪಾಠ ಮಾಡುವುದು ತಮಾಷೆಯಾಗುತ್ತದೆ. ಮುಂದೆ ಈ ಪಾಠ ಮಾಡುವವರೂ ದೂರದಿಂದಲೇ ತೋರಿಸಬೇಕು.)

ಹಿಡಿಸೂಡಿ ಕಡ್ಡಿಯ ಪ್ರಯೋಗ ಅಷ್ಟು ನಯವಾಗಿ ನಡೆಯಲಿಲ್ಲ. 30 ಸೆಂ.ಮೀ. ಕಡ್ಡಿಯನ್ನು ಅಡುಗೆಮನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿ ಮೇಲಿನಿಂದ ಒತ್ತಿ, ಅದು ಬಾಗುವಾಗಿನ ಅಂಕಿ ಬರೆದುಕೊಂಡೆವು. ಆಮೇಲೆ ಅದೇ ಕಡ್ಡಿಯನ್ನು ಅರ್ಧಕ್ಕೆ ಮುರಿದು ಮತ್ತೆ ಒತ್ತಿದೆವು. ಆಯ್ಲರ್ ಸೂತ್ರದಂತೆ ಉದ್ದ ಅರ್ಧವಾದರೆ ಬಾಗದೆ ತಡೆಯುವ ಭಾರ ನಾಲ್ಕು ಪಟ್ಟಾಗಬೇಕು. ನಮಗೆ ಮೂರು ಪಟ್ಟಿನ ಆಸುಪಾಸು ಬಂತು. ಕಡ್ಡಿ ಒಂದು ತುದಿಗೆ ತೆಳು, ನನ್ನ ಕೈಯೂ ನೆಟ್ಟಗಿಲ್ಲ. ಆದರೂ ಮಕ್ಕಳಿಗೆ ವಿಷಯ ಹೊಳೆಯಿತು: ಎತ್ತರದ ಕಂಬವನ್ನು ನಡುನಡುವೆ ಅಡ್ಡಗೋಲಿನಿಂದ ಹಿಡಿದರೆ ಅದು ಹಲವು ಗಿಡ್ಡ ಕಂಬಗಳಂತೆ ವರ್ತಿಸುತ್ತದೆ. ಪ್ಲಾಸ್ಟರ್ ಮಾಡುವಾಗ ಅಡ್ಡ ಬರುತ್ತದೆಂದು ಒಂದು ಅಡ್ಡಗೋಲನ್ನು ಬಿಚ್ಚಿದರೆ ಆ ಕಂಬದ ಹಿಡಿತವಿಲ್ಲದ ಉದ್ದ ಎರಡು ಪಟ್ಟಾಗಿ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ‘ಬರೀ ಒಂದು ಕೋಲು’ ಎನ್ನುವಂತಿಲ್ಲ.

ಸಾರವೆ ಗೋಡೆಯನ್ನೂ ಹಿಡಿದುಕೊಳ್ಳಬೇಕು. ತಳದ ಅಗಲದ ನಾಲ್ಕು ಪಟ್ಟಿಗಿಂತ ಎತ್ತರಕ್ಕೆ ಹೋದರೆ ಗೋಡೆಗೆ ಕಟ್ಟಲೇಬೇಕು ಎಂಬುದು ಆ ಅಮೆರಿಕದ ನಿಯಮಗಳ ಅಳತೆ. 1.2 ಮೀಟರ್ ಅಗಲದ ಸಾರವೆಗೆ ಅದು 4.8 ಮೀಟರ್; ಎರಡಂತಸ್ತಿನ ಮನೆ ಅದನ್ನು ಸುಲಭವಾಗಿ ದಾಟುತ್ತದೆ. ಕಟ್ಟುವ ಗೋಡೆಯೂ ಒಣಗಿ ಗಟ್ಟಿಯಾಗಿರಬೇಕು. ಇದಕ್ಕೆ ಮಕ್ಕಳಿಗೆ ಹೇಳಿದ್ದು ವಿಲೋ ಐಲೆಂಡಿನ ಘಟನೆ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ವಿದ್ಯುತ್ ಸ್ಥಾವರದ ತಂಪುಗೋಪುರ ಕಟ್ಟುತ್ತಿದ್ದಾಗ ಸಾರವೆ ಕುಸಿದು 51 ಕೆಲಸಗಾರರು ಸತ್ತರು. ಅದು ನೆಲದಿಂದ ಎದ್ದ ಸಾರವೆಯಲ್ಲ, ಗೋಪುರದ ಕಾಂಕ್ರೀಟಿಗೇ ಬಿಗಿದದ್ದು. ಹಿಂದಿನ ದಿನ ಸುರಿದ ಕಾಂಕ್ರೀಟ್ ಸಾಕಷ್ಟು ಬಲ ಪಡೆದಿರಲಿಲ್ಲ. ಸಾರವೆಯ ಲೋಹಕ್ಕೆ ಏನೂ ಆಗಿರಲಿಲ್ಲ. ಹಿಡಿದುಕೊಂಡದ್ದೇ ಕಳಚಿ ಬಂತು.

ಕೊನೆಗೆ, ಯಾವುದು ಸೂಕ್ತ?

ದಾಂಡೇಲಿಯಲ್ಲಿ ಬಿದಿರನ್ನು ಅಷ್ಟು ಸುಲಭವಾಗಿ ‘ಅಸುರಕ್ಷಿತ’ ಎಂದು ಬರೆದ ನನ್ನ ಧೈರ್ಯಕ್ಕೆ ಈಗ ನಗು ಬರುತ್ತದೆ. 1955ರಲ್ಲಿ ಸ್ಥಾಪನೆಯಾದ ಇಲ್ಲಿಯ ಕಾಗದದ ಕಾರ್ಖಾನೆ ಬಂದದ್ದೇ ಸುತ್ತಲಿನ ಕಾಡಿನ ಬಿದಿರಿಗಾಗಿ. ನಾರಿನ ಉದ್ದಕ್ಕೆ ಬಿದಿರು ಎಳೆತವನ್ನು ಬಹಳ ಚೆನ್ನಾಗಿ ತಡೆಯುತ್ತದೆ, ಹಗುರವಾಗಿದೆ, ಓಣಿಯ ಸಂದಿಯಲ್ಲೂ ಕಟ್ಟಲು ಬರುತ್ತದೆ. ಕಂಬಕ್ಕೆ ಗೆಣ್ಣು ಹತ್ತಿರ ಹತ್ತಿರವಿರುವ, ಒಳಗೆ ಹೆಚ್ಚು ಟೊಳ್ಳಿಲ್ಲದ ಗಂಡುಬಿದಿರು ಒಳ್ಳೆಯದು. ಸೀಳು ಬಿಟ್ಟದ್ದು, ಬುಡ ಕೊಳೆತದ್ದು, ಸಣ್ಣ ತೂತುಗಳಿಂದ ಬಿಳಿ ಹುಡಿ ಉದುರುವುದು ಬೇಡ. ಹುಡಿ ಉದುರಿದರೆ ಒಳಗೆ ಹುಳು ತಿಂದಿದೆ. ಕತ್ತದ ಹಗ್ಗ ನೆನೆದಾಗ ಬಿಗಿಯಾಗಿ, ಒಣಗಿದಾಗ ಸಡಿಲಾಗುತ್ತದೆ. ಆದ್ದರಿಂದ ಮಳೆ ನಿಂತು ಬಿಸಿಲು ಬಿದ್ದ ಬೆಳಗ್ಗೆ ಪ್ರತಿ ಗಂಟನ್ನೂ ಮುಟ್ಟಿ ನೋಡದೆ ಹತ್ತಬಾರದು.

ಆದರೆ ಬಿದಿರಿನ ಮೇಲಿನ ಅಭಿಮಾನಕ್ಕೂ ಮಿತಿ ಬೇಕು. ಬಿದಿರಿನಲ್ಲಿ ಒಂದು ಇನ್ನೊಂದರಂತಿಲ್ಲ, ಗಂಟಿನ ಬಲವನ್ನು ಲೆಕ್ಕ ಹಾಕಲಾಗುವುದಿಲ್ಲ, ಬೆಂಕಿಯ ಭಯವೂ ಇದೆ. ಹಾಂಕಾಂಗಿನಲ್ಲಿ ಗಗನಚುಂಬಿ ಕಟ್ಟಡಗಳಿಗೂ ತರಬೇತಾದ ಕೆಲಸಗಾರರು ಬಿದಿರನ್ನೇ ಕಟ್ಟುತ್ತಾ ಬಂದಿದ್ದಾರೆ. 2025ರ ನವೆಂಬರಿನಲ್ಲಿ ಅಲ್ಲಿಯ ತಾಯ್ ಪೊ ವಸತಿ ಕಟ್ಟಡಗಳ ಭೀಕರ ಬೆಂಕಿಯ ನಂತರ ಬಿದಿರು ಎಷ್ಟು ಕಾರಣ, ಅದಕ್ಕೆ ಹೊದಿಸಿದ್ದ ಬಲೆ ಎಷ್ಟು ಕಾರಣ ಎಂಬ ಚರ್ಚೆ ಎದ್ದಿತು. ನನ್ನ ಅಭಿಪ್ರಾಯ ಇಷ್ಟು: ಒಂದೆರಡು ಅಂತಸ್ತಿನ ಮನೆಯ ಪ್ಲಾಸ್ಟರ್, ಬಣ್ಣಕ್ಕೆ ಸರಿಯಾಗಿ ಕಟ್ಟಿದ ಬಿದಿರು ಸಾಕು. ಮೇಲೆ ಕಲ್ಲು ಇಟ್ಟಿಗೆ ಪೇರಿಸುವ ಕೆಲಸವಿದ್ದರೆ, ಎತ್ತರ ಹೆಚ್ಚಿದ್ದರೆ, ತಿಂಗಳುಗಟ್ಟಲೆ ನಿಲ್ಲಬೇಕಿದ್ದರೆ ಬೇಸ್ ಪ್ಲೇಟ್, ಓರೆಗೋಲು ಎಲ್ಲ ಇರುವ ಸ್ಟೀಲ್ ಫ್ರೇಮು. ಸ್ಟೀಲಿಗೆ ಒಂದು ದೊಡ್ಡ ‘ಆದರೆ’ ಇದೆ. ನಮ್ಮ ಓಣಿಗಳಲ್ಲಿ ಹೆಸ್ಕಾಂ ತಂತಿ ಎಷ್ಟೋ ಮನೆಗಳ ಮಹಡಿಗೆ ಕೈಗೆಟಕುವಂತಿರುತ್ತದೆ. 6 ಮೀಟರ್ ಪೈಪನ್ನು ನೆಟ್ಟಗೆ ಎತ್ತಿ ತಿರುಗಿಸುವವನಿಗೆ ತಂತಿ ಕಾಣುವುದೇ ಇಲ್ಲ. ಅಂಥಲ್ಲಿ ಲೈನ್ ಬಂದ್ ಮಾಡಿಸಿಯೇ ಕೆಲಸ. ನೆನೆದ ಬಿದಿರಿನಲ್ಲೂ ವಿದ್ಯುತ್ ಹರಿಯುತ್ತದೆ, ಬಿದಿರೆಂದು ಮೈಮರೆಯುವಂತಿಲ್ಲ.

ಎದುರಿನ ಸಾರವೆಗೆ ಸೊಂಟದೆತ್ತರದ ಕೈಗಂಬಿ ಇರಲಿಲ್ಲ. ಕೇಳಿದ್ದಕ್ಕೆ ಗೌಂಡಿ, “ಬಾಡಿಗಿ ಬಾಂಬು ಎಣಿಸಿ ಕೊಡ್ತಾರ್ರಿ, ಅದಕ್ಕ ಎಲ್ಲಿಂದ ತರೂದು?” ಎಂದರು. ಸಾರವೆ, ಏಣಿಗಳಿಗೆ ಭಾರತೀಯ ಮಾನಕ ಐಎಸ್ 3696 ಇದೆ. ಕಟ್ಟಡ ಕಾರ್ಮಿಕರಿಗೆಂದು 1996ರ ಕಾಯ್ದೆ ಬಂತು; ಅದು 10 ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ ಅನ್ವಯಿಸುತ್ತಿತ್ತು, 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗಳೂ ಅದರ ಹೊರಗಿದ್ದವು. ನಾಲ್ಕೈದು ಜನ ಸೇರಿ ಮುಗಿಸುವ ಓಣಿಯ ಮನೆಯ ಕೈಗಂಬಿಯ ಬಾಡಿಗೆಯನ್ನು ಯಾರು ಕೊಡಬೇಕೆಂದು ಮಕ್ಕಳು ನನ್ನನ್ನೇ ಕೇಳಿದರು. ಮನೆ ಕಟ್ಟಿಸುವವರು ಎಂದೆ. ಪಾಠ ಯೋಜನೆಯಲ್ಲಿ ಇದಕ್ಕೆ ಕಲಂ ಇಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟಿದ್ದೆ: ‘ನಿಮ್ಮ ಮನೆಗೆ ಬಣ್ಣ ಹಚ್ಚಲು ಸಾರವೆ ಕಟ್ಟಿದ್ದಾರೆ. ಹತ್ತುವ ಮೊದಲು ಏನೇನು ನೋಡುತ್ತೀರಿ, ಏಕೆ?’ ಹೆಚ್ಚಿನವರು ಬುಡದ ಹಲಗೆಯನ್ನು ವಿಸ್ತೀರ್ಣ, ಒತ್ತಡದ ಸಂಬಂಧದೊಂದಿಗೆ ಬರೆದರು. ಓರೆಗೋಲು ಬರೆದವರು ಕಡಿಮೆ. ಅದನ್ನು ಕಡ್ಡಿ, ಟ್ಯೂಬಿನಲ್ಲಿ ಎಲ್ಲರ ಕೈಯಿಂದಲೂ ಮಾಡಿಸಬೇಕಿತ್ತು, ನಾನು ಗುಂಪಿಗೊಂದು ಮಾಡಿಸಿದ್ದೆ. ಎರಡನೇ ಬೆಂಚಿನ ಹುಡುಗಿ ಉತ್ತರದ ಕೆಳಗೆ ಲೆಕ್ಕವನ್ನೂ ಬರೆದಿದ್ದಳು. ಅದರಲ್ಲಿ ಕೆಲಸಗಾರನ ತೂಕ 60 ಇರಲಿಲ್ಲ, 54 ಇತ್ತು. ಏಕೆಂದು ಕೇಳಿದೆ. “ಅಪ್ಪನ್ನ ಕಿರಾಣಿ ಅಂಗಡಿ ತಕ್ಕಡಿ ಮ್ಯಾಲೆ ನಿಲ್ಲಿಸಿ ನೋಡಿದ್ನಿರಿ” ಎಂದಳು.