ಔಷಧಿ, ವಿಷ ಮತ್ತು ರಕ್ತದ ಲೆಕ್ಕ

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಿದ್ಯಾರ್ಥಿ ಮಿತ್ರರೇ, ಇದು ಬರಿಯ ನೀತಿಮಾತಲ್ಲ. ವೈದ್ಯಶಾಸ್ತ್ರದ ಒಂದು ಮೂಲತತ್ತ್ವವೂ ಹೌದು. ಒಂದು ವಸ್ತು ಔಷಧಿಯೋ ವಿಷವೋ ಎಂಬುದನ್ನು ಅದರ ಪ್ರಮಾಣವೇ ನಿರ್ಣಯಿಸುತ್ತದೆಂದು ಹದಿನಾರನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಪ್ಯಾರಾಸೆಲ್ಸಸನು ಪ್ರತಿಪಾದಿಸಿದನು. ಆ ಪ್ರಮಾಣವನ್ನು ರೋಗಿಯ ರಕ್ತದಲ್ಲಿ ಅಳೆಯುವ ಕೆಲಸ ವೈದ್ಯಕೀಯ ಪ್ರಯೋಗಶಾಲೆಯದು. ಅದು ಹೇಗೆ ನಡೆಯುತ್ತದೆ, ಅದರಲ್ಲಿ ನಮ್ಮ ಪಾಲಿನ ಕರ್ತವ್ಯವೇನು ಎಂಬುದನ್ನು ನೋಡೋಣ.

ಮಿರಜದ ದವಾಖಾನೆ

1894ರಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. 1962ರಲ್ಲಿ ಇಲ್ಲಿಯೇ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಆರಂಭವಾಯಿತು. ಜತ್ತ, ಅಥಣಿ, ಕಾಗವಾಡ, ರಾಯಬಾಗ, ವಿಜಯಪುರದ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ‘ದೊಡ್ಡ ದವಾಖಾನೆ’ ಎಂದರೆ ಮಿರಜ ಇಲ್ಲವೆ ಸಾಂಗಲಿಯ ದವಾಖಾನೆಯೇ. ಅಲ್ಲಿಗೆ ಹೋದ ರೋಗಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು ಚಿಕ್ಕ ಗಾಜಿನ ನಳಿಗೆಯಲ್ಲಿ ಒಯ್ಯುವುದನ್ನು ನೀವೂ ಕಂಡಿರಬಹುದು.

ಎಷ್ಟು ಸೂಕ್ಷ್ಮ ಲೆಕ್ಕ?

ಮೂರ್ಛೆರೋಗಕ್ಕೆ ಕೊಡುವ ಫಿನಿಟಾಯಿನ್ ಎಂಬ ಔಷಧಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ರಕ್ತರಸದ ಒಂದು ಮಿಲಿಲೀಟರಿನಲ್ಲಿ ಅದು ಸಾಮಾನ್ಯವಾಗಿ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮೂರ್ಛೆ ಮರುಕಳಿಸಬಹುದು. ಹೆಚ್ಚಾದರೆ ಕಣ್ಣುಗುಡ್ಡೆಗಳು ಅದುರುತ್ತವೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ.

ಹತ್ತು ಮೈಕ್ರೋಗ್ರಾಂ ಎಂದರೆ ಸುಮಾರು ಲಕ್ಷದಲ್ಲಿ ಒಂದು ಪಾಲು. ಸಾಂಗಲಿಯ ಪೇಟೆಯ ಒಂದು ಕ್ವಿಂಟಲ್ ಅರಿಸಿನದಲ್ಲಿ ಒಂದೇ ಒಂದು ಗ್ರಾಂ ಬೇರೆ ಪುಡಿಯನ್ನು ಬೆರೆಸಿ, ಅದನ್ನು ಹುಡುಕಿ ತೂಗಿದಂತೆ ಇದು! ಹೃದ್ರೋಗಕ್ಕೆ ಕೊಡುವ ಡಿಜಾಕ್ಸಿನ್ ಇನ್ನೂ ಸೂಕ್ಷ್ಮ. ಅದು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಮಿನ ಆಸುಪಾಸಿನಲ್ಲಿರಬೇಕು. ಎರಡನ್ನು ದಾಟಿದರೆ ಅಪಾಯ. ಅರಿಸಿನದ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಸಾವಿರ ಕ್ವಿಂಟಲಿನಲ್ಲಿ ಒಂದು ಗ್ರಾಂ.

ಎಲ್ಲ ಔಷಧಿಗಳಿಗೂ ಇಂಥ ಪರೀಕ್ಷೆ ಬೇಕಿಲ್ಲ. ಗುಣಕೊಡುವ ಪ್ರಮಾಣಕ್ಕೂ ಕೇಡುಮಾಡುವ ಪ್ರಮಾಣಕ್ಕೂ ಅಂತರ ಕಡಿಮೆಯಿರುವ ಔಷಧಿಗಳಿಗೆ ಮಾತ್ರ ಇದು ಅಗತ್ಯ.

ಕಾರಖಾನೆಯ ಸಾಲುಗಾಡಿಗಳು

ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಯಕೃತ್ತು ಅನೇಕ ಔಷಧಿಗಳನ್ನು ಒಡೆಯುತ್ತದೆ. ಮೂತ್ರಪಿಂಡಗಳು ಉಳಿದುದನ್ನು ಹೊರಹಾಕುತ್ತವೆ. ಈ ಅಂಗಗಳ ಶಕ್ತಿ ಎಲ್ಲರಲ್ಲಿಯೂ ಒಂದೇ ತೆರನಲ್ಲ. ಆದ್ದರಿಂದ ಒಂದೇ ಮಾತ್ರೆ ಒಬ್ಬರಿಗೆ ಸಾಲದೆ ಇನ್ನೊಬ್ಬರಿಗೆ ಅತಿಯಾಗಬಹುದು.

ಸುಗ್ಗಿಯಲ್ಲಿ ಸಕ್ಕರೆ ಕಾರಖಾನೆಯ ಮುಂದೆ ನಿಲ್ಲುವ ಕಬ್ಬಿನ ಗಾಡಿಗಳನ್ನು ನೆನೆಯಿರಿ. ಕಾರಖಾನೆ ದಿನಕ್ಕೆ ಇಂತಿಷ್ಟೇ ಟನ್ ಕಬ್ಬು ನುರಿಸಬಲ್ಲದು. ಆ ಮಿತಿಯೊಳಗೆ ಗಾಡಿಗಳು ಬಂದರೆ ಸಾಲು ಬೆಳೆಯುವುದಿಲ್ಲ. ಮಿತಿ ಮೀರಿ ದಿನಕ್ಕೆ ಹತ್ತೇ ಗಾಡಿ ಹೆಚ್ಚು ಬಂದರೂ ಸಾಲು ದಿನದಿನಕ್ಕೆ ಉದ್ದವಾಗುತ್ತದೆ. ಫಿನಿಟಾಯಿನನ್ನು ಒಡೆಯುವ ಯಕೃತ್ತಿನ ಕಿಣ್ವಗಳ ಸ್ಥಿತಿಯೂ ಹೀಗೆಯೇ. ಪ್ರಮಾಣವನ್ನು ತುಸು ಹೆಚ್ಚಿಸಿದರೂ ರಕ್ತದಲ್ಲಿ ಔಷಧಿ ಬಹಳ ಏರಿಬಿಡಬಹುದು. ಕ್ಷಯರೋಗದ ಐಸೋನಿಯಾಜಿಡ್ ಮಾತ್ರೆ ಈ ಒಡೆಯುವ ಕೆಲಸವನ್ನು ನಿಧಾನಗೊಳಿಸುತ್ತದೆ. ಆದಕಾರಣ ‘ಒಂದು ಗುಳಿಗೆ ಜಾಸ್ತಿ ತಗೊಂಡರ ಏನಾಗ್ತದ?’ ಎನ್ನುವುದು ಸರಿಯಲ್ಲ. ಹಾಗೆಯೇ ಗುಣವಾಯಿತೆಂದು ತಾವೇ ಮಾತ್ರೆ ನಿಲ್ಲಿಸುವುದೂ ಅಪಾಯಕರ.

ವೇಳೆಯ ಮಹತ್ವ

ಮಾತ್ರೆ ನುಂಗಿದೊಡನೆ ರಕ್ತದಲ್ಲಿ ಔಷಧಿ ಏರಿ ಅನಂತರ ಇಳಿಯುತ್ತದೆ. ಕೃಷ್ಣೆಯ ನೀರು ಎಷ್ಟು ಅಡಿಯಿದೆ ಎಂದು ಹೇಳುವಾಗ ಯಾವ ದಿನದ, ಯಾವ ಹೊತ್ತಿನ ಅಳತೆ ಎಂದು ಹೇಳದಿದ್ದರೆ ಅರ್ಥವಿಲ್ಲ. ಇಲ್ಲಿಯೂ ಹಾಗೆಯೇ. ಮನೋರೋಗಕ್ಕೆ ಕೊಡುವ ಲಿಥಿಯಂ ಪರೀಕ್ಷೆಗೆ ಕೊನೆಯ ಮಾತ್ರೆಯಾದ ಹನ್ನೆರಡು ತಾಸಿಗೆ ರಕ್ತ ತೆಗೆಯುತ್ತಾರೆ. ಡಿಜಾಕ್ಸಿನ್ನಿಗೆ ಕನಿಷ್ಠ ಆರು ತಾಸು ಕಳೆಯಬೇಕು. ಮಾತ್ರೆ ನುಂಗಿದ ವೇಳೆಯನ್ನು ತಪ್ಪು ಹೇಳಿದರೆ ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದು ಕೊಟ್ಟ ಅಂಕಿ ವೈದ್ಯರನ್ನು ದಾರಿ ತಪ್ಪಿಸುತ್ತದೆ.

ಬಣ್ಣವೇ ಸಾಕ್ಷಿ

ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪು ಓಕುಳಿಯಾಗುತ್ತದೆ. ಬಣ್ಣ ಬದಲಾದುದನ್ನು ಕಂಡು ಸುಣ್ಣವಿದೆಯೆಂದು ತಿಳಿಯುತ್ತೇವೆ. ಪ್ರಯೋಗಶಾಲೆಯ ಅನೇಕ ಪರೀಕ್ಷೆಗಳ ಮೂಲವೂ ಇದೇ. ಕಣ್ಣಿನ ಬದಲು ಯಂತ್ರವು ಬಣ್ಣದ ಗಾಢತೆಯನ್ನು ಅಳೆಯುತ್ತದೆ, ಅಷ್ಟೆ.

ತಾಸಗಾವ, ಮಿರಜ, ಜತ್ತ ತಾಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ‘ಔಷಧಿ’ ಎಂದು ಕರೆದರೂ ಅದು ವಿಷ. ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಒಂದು ಗುಂಪಿದೆ. ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಮೂಲಕ ಸ್ನಾಯುಗಳಿಗೂ ಗ್ರಂಥಿಗಳಿಗೂ ಸಂದೇಶ ಕಳಿಸುತ್ತವೆ. ಕೆಲಸ ಮುಗಿದೊಡನೆ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಈ ವಿಷವು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತವೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ಕಟ್ಟುತ್ತದೆ.

ಈ ವಿಷಬಾಧೆಯಲ್ಲಿ ಪ್ರಯೋಗಶಾಲೆಯವರು ಹೆಚ್ಚಾಗಿ ವಿಷವನ್ನು ಅಳೆಯುವುದಿಲ್ಲ, ರಕ್ತದಲ್ಲಿ ಉಳಿದಿರುವ ಕಿಣ್ವದ ಶಕ್ತಿಯನ್ನು ಅಳೆಯುತ್ತಾರೆ. 1961ರಲ್ಲಿ ಪ್ರಕಟವಾದ ಎಲ್ಮನ್ ವಿಧಾನದಲ್ಲಿ ಕಿಣ್ವ ಚೆನ್ನಾಗಿದ್ದರೆ ಗಾಢ ಹಳದಿ ಬಣ್ಣ ಬರುತ್ತದೆ. ವಿಷ ತಗುಲಿದ್ದರೆ ಬಣ್ಣ ಮಸುಕಾಗುತ್ತದೆ. ಆದರೆ ಈ ಫಲಿತಾಂಶಕ್ಕಾಗಿ ವೈದ್ಯರು ಕಾಯುವುದಿಲ್ಲ. ಲಕ್ಷಣಗಳನ್ನು ಕಂಡೊಡನೆ ಅಟ್ರೊಪಿನ್ ಚುಚ್ಚುಮದ್ದು ಕೊಟ್ಟು ಉಸಿರಾಟವನ್ನು ಕಾಪಾಡುತ್ತಾರೆ.

ನಮ್ಮ ಕರ್ತವ್ಯ

ಯಂತ್ರ ಅಂಕಿಯನ್ನು ಕೊಡಬಲ್ಲದು. ಏನು, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಮನೆಯವರು. ಅಂಜಿಕೆಯಿಂದಲೋ ನಾಚಿಕೆಯಿಂದಲೋ ಎಷ್ಟೋ ಜನ ನಿಜವನ್ನು ಮುಚ್ಚಿಡುತ್ತಾರೆ. ಇನ್ನು ಕೆಲವರಿಗೆ ಭಾಷೆಯೇ ಅಡ್ಡಿ. ದವಾಖಾನೆಯಲ್ಲಿ ನಡೆಯುವುದು ಮರಾಠಿ, ಚೀಟಿಯಲ್ಲಿರುವುದು ಇಂಗ್ಲಿಷ್, ಅಜ್ಜಿಗೆ ಬರುವುದು ಕನ್ನಡ ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತು ಮರಾಠಿಯನ್ನೂ ಅರಿತ ನೀವು ಅಂಥ ವೇಳೆಯಲ್ಲಿ ಒಂದು ಜೀವವನ್ನು ಉಳಿಸಬಲ್ಲಿರಿ. ಆದ್ದರಿಂದ ಈ ಸಂಗತಿಗಳನ್ನು ನೆನಪಿಡಿರಿ:

1. ಮನೆಯ ಹಿರಿಯರು ನಿತ್ಯ ನುಂಗುವ ಮಾತ್ರೆಗಳ ಹೆಸರು, ಪ್ರಮಾಣ, ವೇಳೆ ಇವನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ದವಾಖಾನೆಗೆ ಹೋಗುವಾಗ ಅದನ್ನು ಒಯ್ಯಿರಿ.

2. ಕೀಟನಾಶಕವನ್ನು ಎಂದಿಗೂ ನೀರಿನ ಇಲ್ಲವೆ ಸೋಡಾ ಬಾಟಲಿಗೆ ಸುರಿದಿಡಬಾರದು. ಮೂಲ ಡಬ್ಬಿಯಲ್ಲಿಯೇ, ಕೀಲಿ ಹಾಕಿ ಇಡಬೇಕು.

3. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ಗುರುತಿಸಿರಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅತ್ಯುಗ್ರ ವಿಷ, ಹಳದಿ ಉಗ್ರ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ ವಿಷ. ಹಸಿರಾದರೂ ಅದು ವಿಷವೇ.

4. ವಿಷ ಮೈಗೆ ತಗುಲಿದರೆ ಅವರನ್ನು ಬಯಲುಗಾಳಿಗೆ ತಂದು, ಬಟ್ಟೆ ತೆಗೆಸಿ, ಸಾಬೂನು ನೀರಿನಿಂದ ಮೈ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ರಬ್ಬರಿನ ಕೈಚೀಲ ಹಾಕಿಕೊಳ್ಳಬೇಕು.

5. ವಿಷ ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಡಬ್ಬಿಯನ್ನು ಚೀಟಿಸಹಿತ ತೆಗೆದುಕೊಂಡು, ತಡಮಾಡದೆ ದವಾಖಾನೆಗೆ ಹೋಗಬೇಕು.

ಈ ರಜೆಯಲ್ಲಿ ನಿಮ್ಮ ಮನೆಯ ಮಾತ್ರೆಗಳ ಪಟ್ಟಿಯನ್ನೊಮ್ಮೆ ಬರೆಯಿರಿ. ಹೊಲದ ಮನೆಯ ಡಬ್ಬಿಗಳ ತ್ರಿಕೋನದ ಬಣ್ಣವನ್ನು ಹಿರಿಯರೊಡನೆ ದೂರದಿಂದಲೇ ನೋಡಿ ಗುರುತಿಸಿರಿ. ಓದು ಬಾರದ ನೆರೆಮನೆಯವರಿಗೂ ಇದನ್ನು ತಿಳಿಸಿಕೊಡಿರಿ.