ಮಲ್ಲಸಂದ್ರದ ಕಲ್ಲುಮನೆಗಳು: ಕಟ್ಟಿದವರು ಯಾರು?



ಕೃಷ್ಣಗಿರಿ ಜಿಲ್ಲೆಯ ಮಲ್ಲಸಂದ್ರದ ಬೆಟ್ಟದ ಮೇಲೆ ಕಲ್ಲು ಚಪ್ಪಡಿಗಳ ಪುಟ್ಟ ಮನೆಗಳು ಗುಂಪುಗುಂಪಾಗಿ ನಿಂತಿವೆ. ತಮಿಳಿನಲ್ಲಿ ಈ ಊರಿಗೆ ಮಲ್ಲಚಂದ್ರಂ ಎನ್ನುತ್ತಾರೆ. ‘ಸಂದ್ರ’ ಎಂಬುದು ‘ಸಮುದ್ರ’ದ ತದ್ಭವ, ದೊಡ್ಡ ಕೆರೆಯಿದ್ದ ಊರುಗಳಿಗೆ ನಮ್ಮ ಸೀಮೆಯಲ್ಲಿ ಇಟ್ಟ ಹೆಸರು. ಊರಿನ ಹೆಸರಿನ ಅರ್ಥ ಸುಲಭವಾಗಿ ಸಿಗುತ್ತದೆ. ಬೆಟ್ಟದ ಮೇಲಿನ ಕಲ್ಲುಮನೆಗಳ ಅರ್ಥ ಅಷ್ಟು ಸುಲಭವಲ್ಲ.

ರಚನೆ ಹೇಗಿದೆ?

ನಾಲ್ಕು ಕಡೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿಯನ್ನು ಮುಚ್ಚಿದ್ದಾರೆ. ಗಾರೆಯಿಲ್ಲ, ಮೊಳೆಯಿಲ್ಲ. ಒಂದು ಕಲ್ಲಿನ ಅಂಚು ಇನ್ನೊಂದಕ್ಕೆ ಆನಿಕೊಂಡಿರುವುದರಿಂದ ಒಳಕ್ಕೆ ಬೀಳುವುದಿಲ್ಲ. ಎಷ್ಟೋ ಮನೆಗಳ ಒಂದು ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿದೆ. ಕೆಲವಕ್ಕೆ ಸುತ್ತಲೂ ತಲೆ ದುಂಡಗಾದ ಚಪ್ಪಡಿಗಳ ಬೇಲಿಯೂ ಇದೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಚಪ್ಪಡಿ ಎಬ್ಬಿಸುವ ಕೆಲಸ ನಮ್ಮ ಕಲ್ಲುಕುಟಿಗರಿಗೆ ಗೊತ್ತಿರುವುದೇ. ಆ ಕಾಲದವರೂ ಹಾಗೆಯೇ ಮಾಡಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಇದು ಒಂದು ಮನೆತನದವರಿಂದ ಆಗುವ ಕೆಲಸವಲ್ಲ. ಊರಿಗೆ ಊರೇ ಹೆಗಲು ಕೊಟ್ಟಿರಬೇಕು.

ಜನರ ಮಾತು

ಇಂಥವನ್ನು ನಮ್ಮ ಹಿರಿಯರು ‘ಪಾಂಡವರ ಮನೆ’ ಎಂದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿಯೂ ಇಂತಹ ನೂರಾರು ಕಲ್ಲುಮನೆಗಳಿದ್ದು, ಆ ಗುಡ್ಡಕ್ಕೆ ‘ಮೋರ್ಯರ ಗುಡ್ಡ’ ಎಂದು ಹೆಸರು. ಮೋರ್ಯರೆಂಬ ಕುಳ್ಳ ಜನರು ಅಲ್ಲಿ ವಾಸವಾಗಿದ್ದರೆಂಬುದು ಅಲ್ಲಿಯವರ ನಂಬಿಕೆ. ಮೋರ್ಯರೆಂದರೆ ಅಶೋಕನ ಮೌರ್ಯ ವಂಶದವರೇ ಎಂದು ಕೇಳುವವರೂ ಇದ್ದಾರೆ. ಆದರೆ ಅಶೋಕನಿದ್ದದ್ದು ಕ್ರಿ.ಪೂ. 3ನೆಯ ಶತಮಾನದಲ್ಲಿ. ಕಲ್ಲುಮನೆ ಕಟ್ಟುವ ಪದ್ಧತಿ ಅದಕ್ಕಿಂತ ಹಳೆಯದು. ಹೆಸರಿನ ಹೋಲಿಕೆಯೊಂದನ್ನೇ ನಂಬಿ ಲೆಕ್ಕ ಮುಗಿಸಲಾಗದು.

ನೆಲದ ಸಾಕ್ಷಿ

1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥವೇ ಕಿಂಡಿಯುಳ್ಳ ಕಲ್ಲುಗೋರಿಗಳನ್ನು ಅಗೆಸಿದರು. ಒಳಗೆ ಸಿಕ್ಕಿದ್ದು ಮನುಷ್ಯರ ಮೂಳೆ, ಕಪ್ಪು-ಕೆಂಪು ಬಣ್ಣದ ಮಡಕೆ ಮತ್ತು ಕಬ್ಬಿಣದ ಸಾಮಾನು. ಒಂದೇ ಗೋರಿಯಲ್ಲಿ ಹಲವರ ಮೂಳೆಗಳಿದ್ದುದೂ ಉಂಟು. ಹೀಗಾಗಿ ಇವು ವಾಸದ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು ಎಂಬುದು ಸ್ಪಷ್ಟವಾಯಿತು. ನಮ್ಮ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಅಗೆದಾಗ ದೊರೆತ ಮಾದರಿಗಳನ್ನು ಪರೀಕ್ಷಿಸಿ, ಅಲ್ಲಿನ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಿಂದಿನದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಅಂದರೆ ನಾವು ಇಂದು ನೇಗಿಲು ಹೂಡುವ ಈ ಸೀಮೆಯಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಕಬ್ಬಿಣ ಬಲ್ಲ ಜನರಿದ್ದರು.

ಅವರ ಹೆಸರು, ಮಾತು, ದೇವರು ಯಾವುದೂ ಉಳಿದಿಲ್ಲ. ಅವರು ಅಕ್ಷರ ಕೆತ್ತಲಿಲ್ಲ. ನಾವೂ ಅಗಲಿದವರನ್ನು ಮಣ್ಣಿಗಿಟ್ಟು ಗದ್ದುಗೆ ಕಟ್ಟುವವರಾದ್ದರಿಂದ ಈ ಕಲ್ಲುಗಳನ್ನು ಕಂಡಾಗ ನಮ್ಮವೆನ್ನಿಸುವುದು ಸಹಜ. ಆದರೆ ಬಸವಾದಿ ಶರಣರ ಕಾಲ 12ನೆಯ ಶತಮಾನ. ಇವು ಅದಕ್ಕೂ ಸಾವಿರಾರು ವರ್ಷ ಹಿಂದಿನವು. ಚೀಟಿಯಿಲ್ಲದ ಬಾಬನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ. ಯಾರ ಹಿರಿಯರಾದರೂ ಹಿರಿಯರೇ ಎಂದು ಗೌರವಿಸಿದರೆ ಸಾಕು.

ನಮ್ಮ ಕರ್ತವ್ಯ

ಎಷ್ಟೋ ಕಡೆ ಇಂತಹ ಗೋರಿಗಳನ್ನು ನಿಧಿಯ ಆಸೆಯಿಂದ ಅಗೆದು ಹಾಳುಮಾಡಿದ್ದಾರೆ. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕೊಯ್ದು ಅಗೆಯುವವರಿಗೆ ಸಿಗುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ. ಮಡಕೆ ಇದ್ದಲ್ಲೇ ಇದ್ದರೆ ಅದು ಕಾಲವನ್ನು ಹೇಳುತ್ತದೆ; ಕಿತ್ತು ಎಸೆದರೆ ಬರೀ ಚೂರು. ಇನ್ನು ಕೆಲವರು ಚಪ್ಪಡಿಯನ್ನು ಕಾಲುವೆಗೆ, ದನದ ಕೊಟ್ಟಿಗೆಗೆ ಹಾಸುತ್ತಾರೆ. ಗ್ರಾನೈಟ್ ಕ್ವಾರಿಗಳು ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಒಂದು ಬೆಟ್ಟ ಕರಗಲು ಬಹಳ ದಿನ ಬೇಡ.

ಭಕ್ತಾದಿಗಳು ದಯವಿಟ್ಟು ಗಮನಿಸಬೇಕು. ಹೊಲದಲ್ಲಿ ನಿಂತ ಚಪ್ಪಡಿ, ಕಲ್ಲಿನ ಸುತ್ತು, ದೊಡ್ಡ ಹರವಿ ಕಂಡರೆ ಕೀಳಬೇಡಿ. ಆ ಜಾಗವನ್ನು ಬಿಟ್ಟು ಉಳುಮೆ ಮಾಡಿ. ನೆಲದೊಳಗೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಕ್ಷೇಪ ಸಿಕ್ಕಿದರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು 1878ರ ನಿಕ್ಷೇಪ ಕಾಯಿದೆ ಹೇಳುತ್ತದೆ. ಮುಚ್ಚಿಟ್ಟರೆ ಶಿಕ್ಷೆಯುಂಟು. ಕೃಷ್ಣಗಿರಿಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಲ್ಲಿಗೂ ಸುದ್ದಿ ಮುಟ್ಟಿಸಬಹುದು.

ಗೋಷ್ಠಿಯಲ್ಲಿ ಚರ್ಚಿಸಲು

1. ನಿಮ್ಮೂರ ಸುತ್ತ ಇಂತಹ ಕಲ್ಲುಗಳು ಎಲ್ಲಿವೆ? ಹಿರಿಯರು ಏನೆಂದು ಕರೆಯುತ್ತಾರೆ?
2. ಕಥೆ ಯಾವುದು, ಸಾಕ್ಷಿ ಯಾವುದು ಎಂದು ಹೇಗೆ ಬೇರ್ಪಡಿಸುವಿರಿ?
3. ವಾರಸುದಾರರಿಲ್ಲದ ಗೋರಿಯನ್ನು ಕಾಯುವ ಹೊಣೆ ಯಾರದು?

ಮೂರನೆಯ ಪ್ರಶ್ನೆಗೆ ಮಕ್ಕಳ ಉತ್ತರವನ್ನೂ ಕೇಳಿರಿ. ನಾಳೆ ಆ ಹೊಲಗಳನ್ನು ಉಳುವವರು ಅವರೇ.