ಮನೆಯವರ ಜೊತೆ ಹೋಗಿ ಬನ್ನಿ

ಪ್ರವಾಸದ ಹುಚ್ಚು ಹತ್ತಿಸಿಕೊಂಡ ಹುಡುಗ ಹುಡುಗಿಯರನ್ನು ಕಂಡರೆ ನನಗೆ ನಿಜಕ್ಕೂ ಸಂತೋಷ. ನಮ್ಮ ಕಾಲದಲ್ಲಿ ಊರು ಬಿಟ್ಟು ಹೊರಡಬೇಕೆಂದರೆ ಮದುವೆಯೋ, ಹರಕೆಯೋ, ಸಾವೋ ಏನಾದರೊಂದು ನೆಪ ಬೇಕಿತ್ತು. ನೀವು ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತೀರಿ, ಎರಡು ದಿನ ಸುತ್ತುತ್ತೀರಿ, ಸೋಮವಾರ ಬೆಳಿಗ್ಗೆ ಕೆಲಸದ ಜಾಗದಲ್ಲಿರುತ್ತೀರಿ. ಆ ಹುರುಪು ಹಾಗೇ ಇರಲಿ. ನನ್ನದು ಒಂದೇ ಮಾತು: ವರ್ಷಕ್ಕೊಮ್ಮೆಯಾದರೂ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳ ಕರ್ತವ್ಯ, ಹಿರಿಯರ ಋಣ ಎಂಬ ಮಾತುಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ, ಅವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ನಾನು ಹೇಳುತ್ತಿರುವುದು ನಿಮ್ಮ ಲಾಭದ ಮಾತು. ಅವರು ಪಕ್ಕದಲ್ಲಿದ್ದರೆ ನಿಮ್ಮ ಕಣ್ಣಿಗೆ ಬೀಳುವುದೇ ಹೆಚ್ಚು.

ಹಂಪಿಯನ್ನೇ ತೆಗೆದುಕೊಳ್ಳಿ. 1565ರ ಯುದ್ಧದ ನಂತರ ಹಾಳುಬಿದ್ದ ರಾಜಧಾನಿ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ ಎಂಬುದನ್ನೆಲ್ಲ ಯಾವ ಗೈಡಾದರೂ ಹೇಳುತ್ತಾನೆ. ಕಲ್ಲಿನ ರಥ, ಕಮಲ ಮಹಲು, ಆನೆಲಾಯ, ಮಾತಂಗ ಬೆಟ್ಟದ ಸೂರ್ಯೋದಯ, ಎಲ್ಲವೂ ನೋಡತಕ್ಕವೇ. ಆದರೆ ಕಂಬ, ಗೋಪುರ ಅಂತ ತಲೆಯೆತ್ತಿಕೊಂಡೇ ನಡೆಯುವವರಿಗೆ ಕಾಲ ಕೆಳಗಿನದು ತಪ್ಪಿಹೋಗುತ್ತದೆ. ನನಗೂ ಅದನ್ನು ತೋರಿಸಿಕೊಟ್ಟದ್ದು ನನ್ನ ಸೋದರತ್ತೆ.

ಅತ್ತೆಗೆ ಮಂಡಿನೋವು. ಬಿಸಿಲೇರಿದ ಹೊತ್ತಿಗೆ, ನೀವು ಮುಂದೆ ನಡೀರಿ, ನಾನಿಲ್ಲೇ ನೆರಳಲ್ಲಿ ಕೂತಿರ್ತೀನಿ ಅಂತ ಒಂದು ಮಂಟಪದೊಳಗೆ ಕೂತುಬಿಟ್ಟರು. ನಾವು ತಿರುಗಿ ಬರುವಷ್ಟರಲ್ಲಿ ನಮ್ಮ ಮನೆಯ ಚಿಕ್ಕ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಆಟ ಹೂಡಿದ್ದರು. ನೆಲದ ಹಾಸುಗಲ್ಲಿನ ಮೇಲೆ ಯಾರೋ ಎಂದೋ ಕೊರೆದ ಗೆರೆಗಳು. ಉದ್ದಕ್ಕೆ ಐದು ಮನೆ, ಅಡ್ಡಕ್ಕೆ ಐದು ಮನೆ, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು. ಚೌಕಾಬಾರ! ಹೊರಗೆ ಮರದಡಿ ಬಿದ್ದಿದ್ದ ಹುಣಸೆಹಣ್ಣು ಬಿಡಿಸಿ ನಾಲ್ಕು ಬೀಜ ತೆಗೆದಿದ್ದರು. ದಾರಿಬದಿಯ ಒರಟು ಕಲ್ಲಿನ ಮೇಲೆ ಅವುಗಳ ಒಂದು ಮಗ್ಗುಲನ್ನು ಬೆಳ್ಳಗಾಗುವವರೆಗೆ ತೇಯ್ದಿದ್ದರು. ಕವಡೆ ಇಲ್ಲದಿದ್ದರೆ ಹುಣಸೆಬೀಜವೇ ಕವಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಆಟ. ಹುಡುಗಿಯ ಕಾಯಿಗಳು ಬೆಣಚುಕಲ್ಲು, ಅತ್ತೆಯದು ಕಡ್ಡಿ ಚೂರು. ಹುಡುಗಿ ಒಳಸುತ್ತಿಗೆ ಹೋಗಲು ಆತುರಪಟ್ಟರೆ, ಮೊದಲು ನನ್ನ ಒಂದು ಕಾಯಿ ಹೊಡಿ, ಆಮೇಲೆ ಒಳಗೆ ಅಂತ ಅತ್ತೆ ಗದರುತ್ತಿದ್ದರು. ಕಡೆಗೆ ಮಗುವಿನ ಕಾಯಿ ಹಣ್ಣಾದಾಗ ಮಂಟಪವೇ ಮೊಳಗುವಂತೆ ಕೂಗಿದ್ದು ಮಗುವಲ್ಲ, ಅತ್ತೆ.

ಆ ದಿನದಿಂದ ನಾನು ಯಾವ ಹಳೆಯ ಗುಡಿಗೆ ಹೋದರೂ ಜಗಲಿ, ಮೆಟ್ಟಿಲು, ಮಂಟಪದ ಮೂಲೆ ನೋಡದೆ ಬರುವುದಿಲ್ಲ. ನೀವೂ ನೋಡಿ. ತ್ರಿಕೋನದೊಳಗೆ ಗೆರೆ ಹಾಯ್ದಿದ್ದರೆ ಅದು ಹುಲಿ-ಕುರಿ. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು ಚೌಕವಿದ್ದರೆ ಸಾಲುಮನೆ ಆಟ. ಎರಡು ಸಾಲು ಕುಳಿಗಳಿದ್ದರೆ ಅಳಗುಳಿ ಮಣೆ. ಶಾಸನ ಕೊರೆಸಿದವರು ಅರಸರು, ದಂಡನಾಯಕರು. ಈ ಗೆರೆ ಕೊರೆದವರು ಸರದಿ ಕಾಯುತ್ತಿದ್ದ ಕಾವಲಿನವರೋ, ಮಳೆ ನಿಲ್ಲಲಿ ಎಂದು ಕೂತ ಯಾತ್ರಿಕರೋ, ದನ ಬಿಟ್ಟುಬಂದ ಹುಡುಗರೋ ಆಗಿರಬೇಕು. ಅರಮನೆಯ ವೈಭವ ಕಂಡು ಬೆರಗಾಗುವುದು ಒಂದು ರೀತಿ. ನಮ್ಮ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಲ್ಲಿ ಬರೆದು ಆಡಿದ ಆಟವೇ ಅಲ್ಲಿ ಕಲ್ಲಿನಲ್ಲಿದೆ ಎಂದು ಕಂಡುಕೊಳ್ಳುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಇಷ್ಟ. ಒಂದು ಎಚ್ಚರಿಕೆ ಮಾತ್ರ: ಇರುವ ಗೆರೆಯ ಮೇಲೆ ಕಾಯಿ ಇಟ್ಟು ಆಡಿ, ಹೊಸದಾಗಿ ಏನನ್ನೂ ಕೊರೆಯಬೇಡಿ, ಸುಣ್ಣ ಬಣ್ಣ ಬಳಿಯಬೇಡಿ.

ಇನ್ನೊಂದು ಜಾಗ ಹೇಳುತ್ತೇನೆ. ಕಮಲಾಪುರದ ಕಡೆಯ ದಾರಿಯ ಪಕ್ಕದಲ್ಲೇ ಊರಿನವರು ಭೋಜನಶಾಲೆ ಎನ್ನುವ ತಾಣವಿದೆ. ನಡುವೆ ನೀರಿನ ಕಾಲುವೆ, ಎರಡೂ ದಡದಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೆ ಅಗಲವಾದ ಕುಳಿ, ಪಕ್ಕಕ್ಕೆ ಪಲ್ಯ ವ್ಯಂಜನಗಳಿಗೆ ಸಣ್ಣ ಸಣ್ಣ ಕುಳಿ. ವಾಹನದಲ್ಲಿ ಹೋಗುವವರು ಕ್ಷಣ ನಿಂತು ಫೋಟೊ ತೆಗೆದು ಮುಂದೆ ಸಾಗುತ್ತಾರೆ. ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಅಲ್ಲಿ ನಿಲ್ಲಿಸಿ, ಇದರಲ್ಲಿ ಯಾವುದು ಎಲ್ಲಿಗೆ ಬಡಿಸುತ್ತಿದ್ದರು ಅಂತ ಕೇಳಿ. ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಾಯಸಕ್ಕೆ ಜಾಗ ಯಾಕಿಲ್ಲ ಎಂದು ವಾದ ಶುರುವಾಗುತ್ತದೆ. ಆ ವಾದದಿಂದ ಅವರ ತವರಿನ ಮದುವೆಯ ಪಂಕ್ತಿ, ಅಲ್ಲಿಂದ ನೀವು ಹೆಸರೂ ಕೇಳಿರದ ದೊಡ್ಡಪ್ಪ, ಚಿಕ್ಕಜ್ಜಿಯರು, ಬರಗಾಲದ ವರ್ಷ ಉಂಡದ್ದು, ಬಿಟ್ಟದ್ದು ಎಲ್ಲ ಹೊರಬರುತ್ತದೆ. ಮನೆಯಲ್ಲಿ ಎದುರು ಕೂತು ಹಳೇ ಕಾಲದ್ದು ಹೇಳಮ್ಮಾ ಅಂದರೆ, ಏನಿದೆ ಹೇಳೋಕೆ ಅಂತ ಎದ್ದುಹೋಗುವವರು ಅವರೇ. ನೆನಪು ಹೊರಬರಲು ಎದುರಿಗೆ ಒಂದು ವಸ್ತು ಬೇಕು.

ಹಜಾರರಾಮ ದೇವಸ್ಥಾನದ ಗೋಡೆಯೂ ಅಂಥದ್ದೇ. ದಶರಥನ ಯಾಗದಿಂದ ಲಂಕೆಯ ಯುದ್ಧದವರೆಗೆ ಕಥೆ ಅಲ್ಲಿ ಸಾಲು ಸಾಲಾಗಿದೆ. ಹರಿಕಥೆ, ಬಯಲಾಟ ನೋಡಿ ಬೆಳೆದವರು ಯಾರಾದರೂ ಜೊತೆಗಿದ್ದರೆ ಒಂದೊಂದು ಶಿಲ್ಪವನ್ನೂ ಗುರುತು ಹಿಡಿಯುತ್ತ ನಡೆಯುತ್ತಾರೆ, ಮಕ್ಕಳು ಹಿಂದೆಯೇ ಓಡುತ್ತಾರೆ. ಮನೆಯಲ್ಲಿ ಬೇಸಾಯ ಗೊತ್ತಿದ್ದವರಿದ್ದರೆ ಅವರಿಗೆ ತುರ್ತು ಕಾಲುವೆ ತೋರಿಸಿ. ವಿಜಯನಗರದ ಕಾಲದ ಆ ಕಾಲುವೆ ಇವತ್ತಿಗೂ ಬಾಳೆತೋಟಕ್ಕೆ ನೀರುಣಿಸುತ್ತಿದೆ. ಕಲ್ಲಿನ ರಥದ ಮುಂದೆ ಸುಮ್ಮನಿದ್ದವರು ಇಲ್ಲಿ ಬಗ್ಗಿ, ನೀರಿನ ಓಟ ನೋಡಿ, ಹರಿವಿನ ಲೆಕ್ಕ ಹೇಳತೊಡಗುತ್ತಾರೆ.

ದೂರ ಹೋಗಲು ರಜೆಯಿಲ್ಲ ಎನ್ನುವವರಿಗೆ ಹತ್ತಿರದಲ್ಲೂ ಇದೆ. ಬೆಂಗಳೂರಿನಲ್ಲಿದ್ದರೆ ಒಂದು ಭಾನುವಾರ ಬೇಗೂರಿನ ನಾಗೇಶ್ವರ ಗುಡಿಗೆ ಹೋಗಿ. ಬೆಂಗಳೂರು ಎಂಬ ಹೆಸರಿರುವ, ಸುಮಾರು 900ರ ವೀರಗಲ್ಲಿನ ಶಾಸನ ಅಲ್ಲಿದೆ. ಇನ್ನೊಂದು ಭಾನುವಾರ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ನೋಡಿ. ಸುಮಾರು 950ರದು. ಗಂಗರ ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದಾಗ, ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೇ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಕಚ್ಚಾಡುವ ಚಿತ್ರವಿದೆ. ಮಕ್ಕಳನ್ನು ಅದರೆದುರು ನಿಲ್ಲಿಸಿ ಕಥೆ ಹೇಳಿ. ಸಾವಿರ ವರ್ಷದ ಹಿಂದಿನ ನಾಯಿಗಾಗಿ ಅವರ ಮುಖ ಸಪ್ಪಗಾಗುವುದನ್ನು ನಾನು ಕಂಡಿದ್ದೇನೆ.

ಹಿರಿಯರ ಜೊತೆ ಹೋದರೆ ನಿಧಾನವಾಗುತ್ತದೆ, ನೋಡುವ ಜಾಗ ಕಡಿಮೆಯಾಗುತ್ತದೆ, ನಿಜ. ಕಡಿಮೆಯಾಗಲಿ. ದಿನಕ್ಕೆ ಎರಡು ಜಾಗ ಸಾಕು, ಮಧ್ಯಾಹ್ನ ಪೂರ್ತಿ ಬಿಡುವಿರಲಿ. ಮಾರ್ಗಶಿರ, ಪುಷ್ಯದ ಚಳಿಗಾಲದಲ್ಲಿ ಹೋಗಿ. ಬೇಸಿಗೆ ಬಂತೆಂದರೆ ಹಂಪಿಯ ಬಂಡೆಗಳು ಕಾದು ಕಾಲಿಡಲಾಗುವುದಿಲ್ಲ. ಬೆಂಗಳೂರು, ಮೈಸೂರಿನವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ, ಕೆಳಗಿನ ಬರ್ತ್ ಕೇಳಿ ತೆಗೆಸಿ. ರೈಲಿನಲ್ಲಿ ಚಪಾತಿ, ಚಟ್ನಿಪುಡಿಯ ಡಬ್ಬಿ ಬಿಚ್ಚುವುದಕ್ಕೆ ಬೇಡವೆನ್ನಬೇಡಿ. ಎದುರು ಸೀಟಿನವರ ಜೊತೆ ಅಪ್ಪ ಊರು, ಕುಲ, ಮಳೆ, ಬೆಳೆ ವಿಚಾರಿಸತೊಡಗಿದರೆ ನಾಚಿಕೊಂಡು ಮೊಬೈಲಿಗೆ ಮುಖ ಹುದುಗಿಸಬೇಡಿ. ಕೇಳುತ್ತಾ ಕೂತಿರಿ. ಬಳ್ಳಾರಿ ಸೀಮೆಯ ಒಕ್ಕಲಿನ ಕಷ್ಟಸುಖ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಕರೆದ ಕೂಡಲೇ ಅವರು ಒಪ್ಪುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಾನ್ಯಾಕೆ, ನೀವು ಹುಡುಗರು ಹೋಗಿಬನ್ನಿ ಎನ್ನುತ್ತಾರೆ. ಆ ಮಾತನ್ನು ಅಲ್ಲಿಗೇ ಒಪ್ಪಿ ಬಿಟ್ಟುಬಿಡಬೇಡಿ. ನಿಮಗೆ ಖರ್ಚಾಗುತ್ತದೆ ಎಂಬ ಸಂಕೋಚ, ನಡೆಯಲಾಗದೆ ನಿಮ್ಮನ್ನು ಕಾಯಿಸಿಬಿಡುತ್ತೇನೆಂಬ ಅಳುಕು, ರಾತ್ರಿ ಬಚ್ಚಲಿಗೆ ಹೇಗೋ ಎಂಬ ಭಯ, ಮನೆ ಬಿಟ್ಟರೆ ಹಸುವಿಗೆ ಯಾರು, ತುಳಸಿಗೆ ನೀರು ಯಾರು ಎಂಬ ಚಿಂತೆ, ಇವೆಲ್ಲ ಅದರ ಹಿಂದಿರುತ್ತವೆ. ಒಂದೊಂದನ್ನೂ ಬಿಡಿಸಿ ಕೇಳಿ. ಪಕ್ಕದ ಮನೆಯವರಿಗೆ ಹಸುವಿನ ಮಾತು ಹೇಳಿ ಒಪ್ಪಿಸಿ, ತಂಗುವ ಕೋಣೆ ನೆಲ ಅಂತಸ್ತಿನಲ್ಲೇ ಇರುವಂತೆ ನೋಡಿ, ಮಾತ್ರೆಯ ಚೀಟಿ ತೆಗೆದಿಟ್ಟುಕೊಂಡು ಟಿಕೆಟ್ ಮಾಡಿಸಿ. ಆಮೇಲೆ ಮತ್ತೊಮ್ಮೆ ಕರೆಯಿರಿ.